ಸೇತುವೆಗಳನ್ನು ಗೆದ್ದ ಲಾಂಚು, ಸುರಂಗವನ್ನೂ ಗೆದ್ದೀತೇ? ಹೌರಾ-ಕೋಲ್ಕತ್ತ ನಡುವಣ ಜಲಸಾರಿಗೆಯ ಮುಂದಿರುವ ಪ್ರಶ್ನೆ

ಕೋಲ್ಕತ್ತ ಮತ್ತು ಹೌರಾ ನಗರಗಳ ನಡುವೆ ಹರಿಯುವ ಹೂಗ್ಲಿ ನದಿಯನ್ನು ಇಂದು 45 ಸೆಕೆಂಡುಗಳಲ್ಲಿ ದಾಟಬಹುದು. ನದಿಯ ತಳಕ್ಕಿಂತ ಸುಮಾರು 13 ಮೀಟರ್ ಕೆಳಗೆ ಕೊರೆದ 520 ಮೀಟರ್ ಉದ್ದದ ಸುರಂಗದಲ್ಲಿ ಸಾಗುವ ಮೆಟ್ರೊ ರೈಲನ್ನು 2024ರ ಮಾರ್ಚ್ 6ರಂದು ಪ್ರಧಾನಿ ನರೇಂದ್ರ ಮೋದಿ ಅವರು ಉದ್ಘಾಟಿಸಿದರು. ಅದೇ ತಿಂಗಳ 15ರಂದು ಅದು ಸಾರ್ವಜನಿಕರಿಗೆ ಮುಕ್ತವಾಯಿತು. 2025ರ ಆಗಸ್ಟ್ 22ರಂದು ಎಸ್‌ಪ್ಲನೇಡ್ ಹಾಗೂ ಸಿಯಾಲದಾ ನಡುವಣ ಉಳಿದ ಕೊಂಡಿಯೂ ಸೇರಿಕೊಂಡು, ಹೌರಾ ಮೈದಾನದಿಂದ ಸಾಲ್ಟ್ ಲೇಕ್‌ನ ಸೆಕ್ಟರ್ 5ರವರೆಗೆ ಮಾರ್ಗ ಪೂರ್ಣಗೊಂಡಿತು.

ನದಿಯೊಳಗಿನ ಮೆಟ್ರೊ ಎಂಬ ಕೌತುಕವನ್ನು ದೇಶವೆಲ್ಲ ನೋಡಿತು. ಆದರೆ ಅದೇ ನದಿಯ ಮೇಲ್ಮೈಯಲ್ಲಿ ಹಗಲಿಡೀ ಆಚೀಚೆ ಓಡಾಡುವ ಲಾಂಚುಗಳ ಗತಿ ಏನು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಮೆಟ್ರೊ ಆರಂಭವಾದ ಬಳಿಕ ಲಾಂಚು ಪ್ರಯಾಣಿಕರ ಸಂಖ್ಯೆ ಇಳಿಮುಖವಾಗಿದೆ ಎಂದು ಕೋಲ್ಕತ್ತದ ಪತ್ರಿಕೆಗಳು ವರದಿ ಮಾಡಿದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯಂತೆ, ಜಲಸಾರಿಗೆಯ ಕಾಲ ಮುಗಿಯಿತೆಂದು ಭಾವಿಸುವುದು ಸುಲಭ.

ಆದರೆ ಇತಿಹಾಸ ಬೇರೆಯದನ್ನು ಹೇಳುತ್ತದೆ. ಈ ನದಿಯ ದೋಣಿಗಳಿಗೆ ಮರಣಶಾಸನ ಬರೆದದ್ದು ಇದೇ ಮೊದಲೇನಲ್ಲ. 1874ರಲ್ಲಿ ಒಮ್ಮೆ, 1943ರಲ್ಲಿ ಮತ್ತೊಮ್ಮೆ, 1992ರಲ್ಲಿ ಇನ್ನೊಮ್ಮೆ ಹೊಸ ಸೇತುವೆಗಳು ತಲೆಯೆತ್ತಿದವು. ಮೂರು ಸಲವೂ ದೋಣಿ ಬದುಕಿ ಉಳಿಯಿತು. ಏಕೆ ಉಳಿಯಿತು ಎಂಬುದನ್ನು ಅರಿಯದೆ, ಈ ಬಾರಿ ಉಳಿಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸಲಾಗದು.

ರೈಲಿನ ಟಿಕೆಟ್‌ನಲ್ಲೇ ದೋಣಿ

ಪೂರ್ವ ಭಾರತದ ಮೊದಲ ಪ್ರಯಾಣಿಕ ರೈಲು 1854ರ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿ ಪಟ್ಟಣಕ್ಕೆ ಹೊರಟಿತು. 24 ಮೈಲಿ ದೂರವನ್ನು ಅದು 91 ನಿಮಿಷಗಳಲ್ಲಿ ಕ್ರಮಿಸಿತು. ರೈಲು ಹೊರಡುತ್ತಿದ್ದುದು ನದಿಯ ಪಶ್ಚಿಮ ದಡದಿಂದ. ಆದರೆ ವ್ಯಾಪಾರಿಗಳು, ಅಧಿಕಾರಿಗಳು, ಗುಮಾಸ್ತರು ಇದ್ದದ್ದು ಪೂರ್ವ ದಡದ ಕಲ್ಕತ್ತದಲ್ಲಿ. ನಡುವೆ ಒಂದು ಸೇತುವೆಯೂ ಇರಲಿಲ್ಲ.

ಈಸ್ಟ್ ಇಂಡಿಯನ್ ರೈಲ್ವೆ ಕಂಪನಿ ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾಗಿತ್ತು. ಕಲ್ಕತ್ತದ ಬದಿಯ ಅರ್ಮೇನಿಯನ್ ಘಾಟ್‌ನಲ್ಲಿಯೇ ಅದು ತನ್ನ ಟಿಕೆಟ್ ಕಚೇರಿಯನ್ನು ತೆರೆಯಿತು. ಅಲ್ಲಿ ಕೊಂಡ ರೈಲು ಟಿಕೆಟ್‌ನಲ್ಲಿಯೇ ನದಿ ದಾಟುವ ದರವೂ ಸೇರಿತ್ತು. ಪ್ರಯಾಣಿಕನು ಘಾಟ್‌ನಲ್ಲಿ ದೋಣಿ ಹತ್ತಿ ಹೌರಾದಲ್ಲಿ ಇಳಿದು ರೈಲು ಏರುತ್ತಿದ್ದ. ದೋಣಿಗೆಂದು ಬೇರೆ ಹಣ ತೆರಬೇಕಾಗಿರಲಿಲ್ಲ. ಅಂಬಿಗನೊಡನೆ ಚೌಕಾಸಿ ಮಾಡಬೇಕಾಗಿರಲಿಲ್ಲ.

ಈ ವ್ಯವಸ್ಥೆಯ ಮಹತ್ವವನ್ನು ಇಂದಿನ ನಗರಯೋಜನೆಯ ಭಾಷೆಯಲ್ಲಿ ಹೇಳುವುದಾದರೆ, ಅದು ಸಮಗ್ರ ಸಾರಿಗೆ. ಎರಡು ಭಿನ್ನ ವಾಹನಗಳು, ಆದರೆ ಪ್ರಯಾಣ ಒಂದೇ, ಟಿಕೆಟ್ ಒಂದೇ. ಅಂದರೆ ಹೌರಾ-ಕೋಲ್ಕತ್ತ ದೋಣಿ ತನ್ನ ಆಧುನಿಕ ಚರಿತ್ರೆಯನ್ನು ಆರಂಭಿಸಿದ್ದು ರೈಲಿನ ಪ್ರತಿಸ್ಪರ್ಧಿಯಾಗಿ ಅಲ್ಲ, ಅದರ ಅಂಗವಾಗಿ. ಈ ಅಂಶವನ್ನು ಮುಂದೆಯೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ತೇಲುವ ಸೇತುವೆಯ ಕಾಲ

ಸೇತುವೆಯ ಬೇಡಿಕೆ ರೈಲಿನ ಬೆನ್ನಲ್ಲೇ ಬಂತು. 1855-56ರಲ್ಲಿ ಇದಕ್ಕಾಗಿ ಸಮಿತಿಯೊಂದು ರಚನೆಯಾಯಿತಾದರೂ 1860ರಲ್ಲಿ ಪ್ರಸ್ತಾವವನ್ನು ಕೈಬಿಡಲಾಯಿತು. 1871ರಲ್ಲಿ ಹೌರಾ ಸೇತುವೆ ಕಾಯ್ದೆ ಜಾರಿಗೆ ಬಂದ ನಂತರ, ಎಂಜಿನಿಯರ್ ಸರ್ ಬ್ರಾಡ್‌ಫರ್ಡ್ ಲೆಸ್ಲಿ ಅವರಿಗೆ ನಿರ್ಮಾಣದ ಹೊಣೆಯನ್ನು ವಹಿಸಲಾಯಿತು. ಭಾಗಗಳು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. 1874ರ ಮಾರ್ಚ್ 20ರ ಚಂಡಮಾರುತದಲ್ಲಿ ಲಂಗರು ಕಡಿದುಕೊಂಡ ಈಜೀರಿಯಾ ಎಂಬ ಹಡಗು ಅಪ್ಪಳಿಸಿ, ಅರ್ಧ ಕಟ್ಟಿದ್ದ ಸೇತುವೆಯ 200 ಅಡಿಯಷ್ಟು ಭಾಗ ಹಾನಿಗೀಡಾಯಿತು. ಆದರೂ ಅದೇ ವರ್ಷದ ಅಕ್ಟೋಬರ್ 17ರಂದು ಸೇತುವೆ ಸಂಚಾರಕ್ಕೆ ತೆರೆಯಿತು.

1,528 ಅಡಿ ಉದ್ದ ಹಾಗೂ 62 ಅಡಿ ಅಗಲದ ಈ ಸೇತುವೆ ನೀರಿನ ಮೇಲೆ ತೇಲುವ ಪೊಂಟೂನ್‌ಗಳ ಆಧಾರದಲ್ಲಿ ನಿಂತಿತ್ತು. ಕಲ್ಕತ್ತ ಆಗ ನದಿಯ ಬಂದರು. ಹಡಗುಗಳು ಮೇಲ್ಭಾಗಕ್ಕೆ ಹೋಗಲು ಸೇತುವೆಯ ನಡುವಿನ 200 ಅಡಿ ಭಾಗವನ್ನು ಬಿಚ್ಚಿ ಪಕ್ಕಕ್ಕೆ ಸರಿಸಬೇಕಿತ್ತು. 1906ರವರೆಗೆ ಇದು ಹಗಲು ಹೊತ್ತಿನಲ್ಲಿಯೇ ನಡೆಯುತ್ತಿತ್ತು. ಅಷ್ಟು ಹೊತ್ತು ರಸ್ತೆ ಸಂಚಾರ ಸ್ಥಗಿತ. ದಾಟಲೇಬೇಕಾದವರಿಗೆ ದೋಣಿಯೇ ಗತಿ.

ಸಂಚಾರದ ಒತ್ತಡ ಹೇಗಿತ್ತೆಂಬುದಕ್ಕೆ 1906ರಲ್ಲಿ ಹೊಸ ಸೇತುವೆಯ ಅಗತ್ಯವನ್ನು ಪರಿಶೀಲಿಸಿದ ಸಮಿತಿಯ ಲೆಕ್ಕವೊಂದು ಸಾಕ್ಷಿ. ಸೇತುವೆಯ ಮೇಲಿನ ವಾಹನಗಳಲ್ಲಿ ಹದಿಮೂರರಲ್ಲಿ ಎಂಟು ಪಾಲು ಎತ್ತಿನ ಗಾಡಿಗಳಾಗಿದ್ದವು. ರಾಜಧಾನಿಯ ಏಕೈಕ ಸೇತುವೆಯ ವೇಗವನ್ನು ಎತ್ತಿನ ನಡಿಗೆ ನಿರ್ಧರಿಸುತ್ತಿತ್ತು ಎಂದರೆ ತಪ್ಪಾಗದು. ಮೊದಲ ಸೇತುವೆಯ ಎದುರು ದೋಣಿ ಉಳಿದದ್ದು ಹೀಗೆ: ಸೇತುವೆ ಬಂದಿತ್ತು, ಆದರೆ ಅದು ಸದಾ ಇರುತ್ತಿರಲಿಲ್ಲ, ಇದ್ದಾಗ ಚಲಿಸುತ್ತಿರಲಿಲ್ಲ.

ಉಕ್ಕಿನ ಸೇತುವೆಯೂ ಸಾಲದಾಯಿತು

ಈ ಎರಡೂ ಕೊರತೆಗಳನ್ನು ನೀಗಿಸಲೆಂದೇ ಬಂದದ್ದು ಇಂದಿನ ಹೌರಾ ಸೇತುವೆ. 1936ರಲ್ಲಿ ಕೆಲಸ ಆರಂಭವಾಗಿ, 1943ರ ಫೆಬ್ರುವರಿ 3ರಂದು ಸಂಚಾರ ಮುಕ್ತವಾಯಿತು. ಎರಡನೆಯ ಮಹಾಯುದ್ಧದ ದಿನಗಳಾದ್ದರಿಂದ, ಜಪಾನಿ ವಿಮಾನಗಳ ಭೀತಿಯಲ್ಲಿ ಯಾವ ಸಮಾರಂಭವೂ ನಡೆಯಲಿಲ್ಲ. ಸುಮಾರು 26,500 ಟನ್ ಉಕ್ಕು ಬಳಕೆಯಾಗಿದ್ದು, ಅದರಲ್ಲಿ 23,000 ಟನ್ ಟಾಟಾ ಕಾರ್ಖಾನೆಯದು. 457 ಮೀಟರ್‌ಗಳ ಮುಖ್ಯ ಹರವಿನಲ್ಲಿ ನದಿಯೊಳಗೆ ಒಂದೇ ಒಂದು ಕಂಬವಿಲ್ಲ. ಹಡಗಿಗಾಗಿ ತೆರೆಯಬೇಕಾಗಿಲ್ಲ, ಚಂಡಮಾರುತಕ್ಕೆ ಹೆದರಬೇಕಾಗಿಲ್ಲ. 1965ರಲ್ಲಿ ಇದಕ್ಕೆ ರವೀಂದ್ರ ಸೇತು ಎಂದು ನಾಮಕರಣವಾಯಿತು.

ತರ್ಕದ ಪ್ರಕಾರ ದೋಣಿಯ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನಗರ ಬೆಳೆದ ವೇಗಕ್ಕೆ ಸೇತುವೆ ಸಾಕಾಗಲಿಲ್ಲ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ಜನಪ್ರವಾಹ, ಉಪನಗರ ರೈಲುಗಳ ವಿಸ್ತರಣೆ, ಬಸ್ಸು, ಲಾರಿ, ಟ್ರಾಮು, ಕೈಗಾಡಿ, ತಲೆಹೊರೆ ಎಲ್ಲವೂ ಒಂದೇ ಸೇತುವೆಗೆ ಬಂದು ಸೇರಿದವು. ದಿನವೊಂದಕ್ಕೆ ಸುಮಾರು ಒಂದು ಲಕ್ಷ ವಾಹನಗಳು ಹಾಗೂ ಒಂದೂವರೆ ಲಕ್ಷ ಪಾದಚಾರಿಗಳು ದಾಟುವ ಸೇತುವೆಯೆಂದು ಅದು ಹೆಸರಾಗಿದೆ. ಭಾರ ತಗ್ಗಿಸಲು 1993ರಲ್ಲಿ ಟ್ರಾಮುಗಳನ್ನು ಅದರ ಮೇಲಿಂದ ತೆಗೆಯಬೇಕಾಯಿತು.

ಇದಕ್ಕಿಂತ ಮುಖ್ಯವಾದ ಕಾರಣ ಭೂಗೋಳದ್ದು. ಸೇತುವೆ ನದಿಯನ್ನು ಒಂದು ಬಿಂದುವಿನಲ್ಲಿ ಮಾತ್ರ ದಾಟಿಸುತ್ತದೆ. ಕೋಲ್ಕತ್ತದ ಬದಿಯಲ್ಲಿ ಅದು ಇಳಿಯುವುದು ಬಡಾಬಜಾರಿನ ದಟ್ಟಣೆಗೆ. ಆದರೆ ರೈಲಿಳಿದ ಸಾವಿರಾರು ಗುಮಾಸ್ತರು ಹೋಗಬೇಕಾಗಿದ್ದುದು ಅಲ್ಲಿಗಲ್ಲ. ಡಾಲ್‌ಹೌಸಿ ಚೌಕ ಎಂದು ಕರೆಯಲಾಗುತ್ತಿದ್ದ, ಇಂದು ಬಿಬಿಡಿ ಬಾಗ್ ಎನಿಸಿರುವ ಕಚೇರಿಗಳ ಪ್ರದೇಶಕ್ಕೆ. ಹೌರಾ ನಿಲ್ದಾಣದ ಎದುರಿಗೇ ಇರುವ ಘಾಟ್‌ನಲ್ಲಿ ಲಾಂಚು ಹತ್ತಿದರೆ, ಫೇರ್ಲಿ ಘಾಟ್ ಎದುರು ದಡದಲ್ಲಿಯೇ ಇದೆ. ಅಲ್ಲಿಂದ ಕಚೇರಿಗೆ ನಡಿಗೆಯ ದೂರ. ಸಿಗ್ನಲ್ ಇಲ್ಲ, ಸಂಚಾರದ ಅಡಚಣೆ ಇಲ್ಲ, ಹೊಗೆಯಿಲ್ಲ.

ಹೀಗೆ ನದಿಯ ಉದ್ದಕ್ಕೂ ಘಾಟ್‌ಗಳ ಸಾಲೇ ಇದೆ. ಕೋಲ್ಕತ್ತದ ಬದಿಯಲ್ಲಿ ದಕ್ಷಿಣಕ್ಕೆ ಚಾಂದ್‌ಪಾಲ್ ಘಾಟ್ ಮತ್ತು ಬಾಬುಘಾಟ್, ಉತ್ತರಕ್ಕೆ ಅರ್ಮೇನಿಯನ್, ಅಹಿರೀಟೋಲಾ, ಶೋಭಾಬಜಾರ್, ಬಾಗ್‌ಬಜಾರ್. ಹೌರಾದ ಬದಿಯಲ್ಲಿ ಶಿಬ್‌ಪುರ, ರಾಮಕೃಷ್ಣಪುರ, ಗೋಲಾಬಾರಿ, ಬಾಂಧಾಘಾಟ್. ಸೇತುವೆಯೊಂದು ಹೊಲಿಗೆಯಾದರೆ, ದೋಣಿಗಳು ಎರಡು ನಗರಗಳ ಅಂಚನ್ನು ಉದ್ದಕ್ಕೂ ಕೂಡಿಸುವ ಹೊಲಿಗೆಗಳ ಸಾಲು. ಶಿಬ್‌ಪುರದವನಿಗೆ ಅಥವಾ ಬಾಂಧಾಘಾಟ್‌ನವನಿಗೆ ಹೌರಾ ಸೇತುವೆ ಎಂದರೆ ಸುತ್ತುದಾರಿಯೇ.

1992ರ ಅಕ್ಟೋಬರ್ 10ರಂದು ತೆರೆದ ವಿದ್ಯಾಸಾಗರ ಸೇತುವೂ ಈ ಲೆಕ್ಕವನ್ನು ಬದಲಿಸಲಿಲ್ಲ. 1972ರಲ್ಲಿ ಇಂದಿರಾ ಗಾಂಧಿ ಅವರು ಶಂಕುಸ್ಥಾಪನೆ ಮಾಡಿದ ಈ 823 ಮೀಟರ್ ಉದ್ದದ ಸೇತುವೆ ಮುಗಿಯಲು ಎರಡು ದಶಕಗಳು ಹಿಡಿದವು. ಅದು ಮೂಲತಃ ಮೋಟಾರು ವಾಹನಗಳಿಗಾಗಿ ನಿರ್ಮಿಸಿದ ಸೇತುವೆ. ಸ್ವಂತ ವಾಹನವಿಲ್ಲದೆ ರೈಲಿಳಿದು ಬರುವವನ ಅಗತ್ಯ ಹಾಗೆಯೇ ಉಳಿಯಿತು. 2013ರಲ್ಲಿ ರಾಜ್ಯ ಸಚಿವಾಲಯವು ರೈಟರ್ಸ್ ಬಿಲ್ಡಿಂಗ್‌ನಿಂದ ಹೌರಾದ ನಬಾನ್ನ ಕಟ್ಟಡಕ್ಕೆ ಸ್ಥಳಾಂತರಗೊಂಡಾಗ, ನದಿ ದಾಟುವ ನೌಕರರ ದಿಕ್ಕು ಕೂಡ ಕೊಂಚ ಬದಲಾಯಿತು.

ಈ ಬಾರಿ ಸ್ಪರ್ಧೆ ಬೇರೆ

ಹಾಗಾದರೆ ಮೆಟ್ರೊ ಮುಂದೆಯೂ ಲಾಂಚು ಉಳಿದೀತು ಎಂದು ನಿಶ್ಚಿಂತೆಯಿಂದ ಇರಬಹುದೇ? ಇಲ್ಲ. ಏಕೆಂದರೆ ಈ ಸಲದ ಸ್ಪರ್ಧೆಯ ಸ್ವರೂಪವೇ ಬೇರೆ.

ಮೂರೂ ಸೇತುವೆಗಳ ದೌರ್ಬಲ್ಯ ಒಂದೇ ಆಗಿತ್ತು: ರಸ್ತೆಯ ದಟ್ಟಣೆ. ಲಾಂಚು ಬದುಕಿದ್ದು ಆ ದಟ್ಟಣೆಯ ಕೃಪೆಯಿಂದ. ಮೆಟ್ರೊಗೆ ದಟ್ಟಣೆಯ ಹಂಗಿಲ್ಲ. ಅದು ಹೌರಾ ರೈಲು ನಿಲ್ದಾಣದಡಿಯಿಂದ ಹೊರಟು ನೇರವಾಗಿ ಬಿಬಿಡಿ ಬಾಗ್‌ನ ಮಹಾಕರಣ ನಿಲ್ದಾಣಕ್ಕೆ, ಅಲ್ಲಿಂದ ಎಸ್‌ಪ್ಲನೇಡ್‌ಗೆ ಹೋಗುತ್ತದೆ. ಅಂದರೆ ಫೇರ್ಲಿ ಘಾಟ್‌ನ ಲಾಂಚು ಯಾರನ್ನು ನೆಚ್ಚಿಕೊಂಡಿತ್ತೋ ಅದೇ ಗುಮಾಸ್ತನನ್ನು ಅದು ಸೆಳೆಯುತ್ತಿದೆ. ಮಾರ್ಗ ಆರಂಭವಾದಾಗ ಹೌರಾ ಮೈದಾನದಿಂದ ಎಸ್‌ಪ್ಲನೇಡ್‌ವರೆಗಿನ ದರ 10 ರೂಪಾಯಿ ಮಾತ್ರ. ದರದಲ್ಲಿ ಲಾಂಚು ಹೇಳಿಕೊಳ್ಳುವಂತಹ ಮೇಲುಗೈ ಪಡೆಯಲಾರದು. ಮಳೆ, ಬಿಸಿಲು, ಉಬ್ಬರ-ಇಳಿತಗಳು ಸುರಂಗವನ್ನು ಮುಟ್ಟುವುದಿಲ್ಲ. ಆದರೆ ಹೂಗ್ಲಿಯಲ್ಲಿ ದೊಡ್ಡ ಉಬ್ಬರದ ಅಲೆ ನುಗ್ಗುವಾಗ ಲಾಂಚುಗಳು ನಿಲ್ಲಲೇಬೇಕು.

ಲಾಂಚಿನ ಪರವಾಗಿ ಹೇಳಬಹುದಾದ ಮಾತೂ ಇದೆ. ಹೌರಾ ಮೆಟ್ರೊ ನಿಲ್ದಾಣ ನೆಲದಿಂದ 30 ಮೀಟರಿಗೂ ಹೆಚ್ಚು ಆಳದಲ್ಲಿದೆ. ನದಿ ದಾಟಲು 45 ಸೆಕೆಂಡು ಸಾಕು, ನಿಜ. ಆದರೆ ಆ ಆಳಕ್ಕೆ ಇಳಿದು, ಮತ್ತೆ ಮೇಲೇರಿ ಬರಲು ಬೇಕಾದ ನಿಮಿಷಗಳನ್ನು ಆ ಲೆಕ್ಕದಲ್ಲಿ ಸೇರಿಸುವುದಿಲ್ಲ. ವೃದ್ಧರಿಗೆ, ಹೊರೆ ಹೊತ್ತವರಿಗೆ, ಸೈಕಲ್ಲಿನ ಸಣ್ಣ ವ್ಯಾಪಾರಿಗೆ ಘಾಟ್ ಇಂದಿಗೂ ಸಲೀಸು. ಎಲ್ಲಕ್ಕಿಂತ ಮಿಗಿಲಾಗಿ, ಮೆಟ್ರೊ ಕೂಡ ಸೇತುವೆಯಂತೆ ನದಿಯನ್ನು ಒಂದೇ ಬಿಂದುವಿನಲ್ಲಿ ದಾಟುತ್ತದೆ. ಬಾಂಧಾಘಾಟ್‌ನಿಂದ ಅಹಿರೀಟೋಲಾಕ್ಕೆ ಹೋಗಬೇಕಾದವನಿಗೆ ಅದರಿಂದ ಪ್ರಯೋಜನ ಅಲ್ಪ.

ಇಲ್ಲಿಯೇ ನಿಜವಾದ ಅಪಾಯ ಅಡಗಿದೆ. ಯಾವುದೇ ಸಾರಿಗೆಯಲ್ಲಿ ಕೆಲವು ಮಾರ್ಗಗಳು ಗಳಿಸುತ್ತವೆ, ಉಳಿದವು ಆ ಗಳಿಕೆಯ ನೆರಳಿನಲ್ಲಿ ನಡೆಯುತ್ತವೆ. ರೈಲು ನಿಲ್ದಾಣ ಮತ್ತು ಕಚೇರಿ ಪ್ರದೇಶವನ್ನು ಕೂಡಿಸುವ ಮಾರ್ಗವೇ ಜನದಟ್ಟಣೆಯದು. ಆ ಪ್ರಯಾಣಿಕ ಮೆಟ್ರೊಗೆ ಹೋದರೆ, ಮೆಟ್ರೊ ಎಂದೂ ಮುಟ್ಟದ ಘಾಟ್‌ಗಳ ಸೇವೆಯೂ ಸೊರಗುತ್ತದೆ. ಸುರಂಗದಿಂದ ಲಾಭ ಪಡೆಯದವನೇ ಸುರಂಗದ ನಷ್ಟವನ್ನು ಹೊರಬೇಕಾದ ವಿಪರ್ಯಾಸವಿದು.

ಯಾರ ಹೊಣೆ?

ಹೂಗ್ಲಿಯ ಲಾಂಚುಗಳನ್ನು ನಡೆಸುವವರು ಒಬ್ಬರಲ್ಲ. ಹೌರಾದ ಹೂಗ್ಲಿ ನದಿ ಜಲಪಥ ಪರಿವಹನ ಸಹಕಾರ ಸಂಘ ಒಂದು ಕಡೆ, ರಾಜ್ಯ ಸಾರಿಗೆ ನಿಗಮ ಇನ್ನೊಂದು ಕಡೆ. ಮೊದಲು ಪ್ರತ್ಯೇಕವಾಗಿದ್ದ ಭೂತಲ ಸಾರಿಗೆ ನಿಗಮವು, ಬಸ್ಸು ಹಾಗೂ ಟ್ರಾಮು ಸಂಸ್ಥೆಗಳೊಂದಿಗೆ ಪಶ್ಚಿಮ ಬಂಗಾಳ ಸಾರಿಗೆ ನಿಗಮದಲ್ಲಿ ವಿಲೀನವಾಯಿತು. ಮೆಟ್ರೊ ಕೇಂದ್ರ ಸರ್ಕಾರದ ರೈಲ್ವೆಯ ಅಧೀನ. ನದಿಯ ಹಡಗು ಸಂಚಾರ ಬಂದರು ಆಡಳಿತದ ವ್ಯಾಪ್ತಿ. ಒಂದೇ ನದಿ, ಒಡೆಯರು ಹಲವರು. ಕೇಂದ್ರ ಮತ್ತು ರಾಜ್ಯಗಳ ನಡುವಣ ರಾಜಕೀಯ ಬಿಕ್ಕಟ್ಟಿನ ಛಾಯೆ ಇದರ ಮೇಲೆ ಬೀಳದೆ ಇರದು.

ಸುರಕ್ಷತೆಯ ವಿಷಯವಂತೂ ಗಂಭೀರ. 2016ರ ಮೇ ತಿಂಗಳಲ್ಲಿ ಇದೇ ನದಿಯ ಮೇಲ್ಭಾಗದ ಕಾಲನಾ ಬಳಿ ಕಿಕ್ಕಿರಿದ ದೋಣಿ ಮುಳುಗಿತು. 2017ರ ಏಪ್ರಿಲ್ 26ರಂದು ಹೂಗ್ಲಿ ಜಿಲ್ಲೆಯ ತೇಲಿನೀಪಾಡಾದಲ್ಲಿ ಬಿದಿರಿನ ತಾತ್ಕಾಲಿಕ ಜೆಟ್ಟಿಯೇ ಉಬ್ಬರದ ಹೊಡೆತಕ್ಕೆ ಕುಸಿಯಿತು. ಎರಡೂ ದುರಂತಗಳಲ್ಲಿ ಹಲವರು ಪ್ರಾಣ ತೆತ್ತರು. ಇವು ಕೋಲ್ಕತ್ತ ನಗರದೊಳಗಿನ ಘಟನೆಗಳಲ್ಲ ಎಂಬುದು ಸಮಾಧಾನದ ಮಾತಲ್ಲ. ನದಿ ಒಂದೇ, ಅದನ್ನು ದಾಟುವ ಬಡವರೂ ಒಂದೇ. ತರುವಾಯ ರಾಜ್ಯ ಸರ್ಕಾರ ಹಳೆಯ ದೋಣಿಗಳ ಬದಲಿಗೆ ಸುರಕ್ಷಿತ ದೋಣಿ ಕೊಳ್ಳುವವರಿಗೆ ನೆರವು ನೀಡುವ ಜಲಧಾರಾ ಯೋಜನೆಯನ್ನು ತಂದಿತು. 2021ರ ಜನವರಿಯಲ್ಲಿ ಕೋಲ್ಕತ್ತ ಮಹಾನಗರ ಪ್ರದೇಶದ ಜಲಸಾರಿಗೆಯ ಸುಧಾರಣೆಗಾಗಿ ವಿಶ್ವಬ್ಯಾಂಕಿನೊಂದಿಗೆ 10.5 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಬಿತ್ತು. ಜೆಟ್ಟಿಗಳ ದುರಸ್ತಿ, ಹೊಸ ಹಡಗುಗಳು, ಎಲೆಕ್ಟ್ರಾನಿಕ್ ಟಿಕೆಟ್ ಗೇಟುಗಳು ಅದರಲ್ಲಿ ಸೇರಿವೆ.

ಹಣ ಬಂದರೆ ಸಾಲದು, ನದಿಯೂ ಇರಬೇಕು. ಹೂಳಿನ ಸಮಸ್ಯೆಯಿಂದ ಹೂಗ್ಲಿಯನ್ನು ಪಾರು ಮಾಡಲೆಂದೇ 1975ರಲ್ಲಿ ಫರಕ್ಕಾ ಅಣೆಕಟ್ಟೆ ಕಾರ್ಯಾರಂಭ ಮಾಡಿತು. ಆದರೂ ಹೂಳು ನೀಗಲಿಲ್ಲ. ಇಳಿತದ ಹೊತ್ತಿನಲ್ಲಿ ಜೆಟ್ಟಿಯ ಹಲಗೆ ಕಡಿದಾಗಿ ವಾಲುತ್ತದೆ; ಅದರ ಮೇಲೆ ಇಳಿದು ಹತ್ತುವುದು ವಯಸ್ಸಾದವರಿಗೆ ನಿತ್ಯದ ಸಾಹಸ.

ಏಕೈಕ ದಾರಿಯ ಅಪಾಯ

ಲಾಂಚನ್ನು ಉಳಿಸಿಕೊಳ್ಳುವುದು ಹಳೆಯದರ ಮೇಲಿನ ವ್ಯಾಮೋಹವಲ್ಲವೇ ಎಂದು ಕೇಳುವವರಿದ್ದಾರೆ. ಇದಕ್ಕೆ ಇತ್ತೀಚಿನ ವರ್ಷಗಳೇ ಉತ್ತರ ನೀಡಿವೆ. 2018ರ ಸೆಪ್ಟೆಂಬರ್ 4ರಂದು ಕೋಲ್ಕತ್ತದ ಮಾಝೇರ್‌ಹಾಟ್ ಮೇಲ್ಸೇತುವೆ ಕುಸಿದಾಗ ನಗರದ ದಕ್ಷಿಣ ಭಾಗ ತಿಂಗಳುಗಟ್ಟಲೆ ಪರದಾಡಿತು. 2023ರ ನವೆಂಬರ್‌ನಲ್ಲಿ ವಿದ್ಯಾಸಾಗರ ಸೇತುವಿನ ಕೇಬಲ್ ದುರಸ್ತಿಗಾಗಿ ಸಂಚಾರವನ್ನು ಮಿತಗೊಳಿಸಬೇಕಾಯಿತು. 2024ರ ನವೆಂಬರ್ 16ರ ರಾತ್ರಿ ಹೌರಾ ಸೇತುವೆಯ ಆರೋಗ್ಯ ತಪಾಸಣೆಗಾಗಿ ಐದು ಗಂಟೆ ಕಾಲ ಸಂಚಾರ ಬಂದ್ ಆಗಿತ್ತು. ಮೆಟ್ರೊ ಸುರಂಗದ ಕಾಮಗಾರಿಯೇ 2019ರ ಆಗಸ್ಟ್‌ನಲ್ಲಿ ಬೌಬಜಾರಿನ ಮನೆಗಳ ಕುಸಿತಕ್ಕೆ ಕಾರಣವಾಗಿ, ವರ್ಷಗಳ ಕಾಲ ಕುಂಟಿತು.

ಎಂಬತ್ತು ದಾಟಿದ ಸೇತುವೆಗೆ ದುರಸ್ತಿ ಅನಿವಾರ್ಯ. ಆ ದಿನಗಳಲ್ಲಿ ಎರಡು ನಗರಗಳನ್ನು ಬೆಸೆಯಲು ಮತ್ತೊಂದು ದಾರಿ ಸಿದ್ಧವಿರಬೇಕು. ರಸ್ತೆಗೆ ಭೂಸ್ವಾಧೀನ ಬೇಕು, ಸುರಂಗಕ್ಕೆ ಸಾವಿರಾರು ಕೋಟಿ ಬೇಕು. ನೀರಿನ ದಾರಿ ಮಾತ್ರ ಮೊದಲಿನಿಂದಲೂ ಅಲ್ಲಿಯೇ ಇದೆ. ಅದಕ್ಕೆ ಬೇಕಾದುದು ಗಟ್ಟಿ ಜೆಟ್ಟಿ, ಯೋಗ್ಯ ಲಾಂಚು, ವೇಳೆಗೆ ಸರಿಯಾಗಿ ಸಂಬಳ ಪಡೆಯುವ ಸಿಬ್ಬಂದಿ. ಒಮ್ಮೆ ನಿಂತುಹೋದ ಸೇವೆಯನ್ನು ಆಪತ್ತಿನ ದಿನ ರಾತ್ರೋರಾತ್ರಿ ಎಬ್ಬಿಸಲು ಸಾಧ್ಯವಿಲ್ಲ ಎಂಬುದನ್ನು ಆಡಳಿತಗಾರರು ಮರೆಯಬಾರದು.

1854ರ ಪಾಠ

ಲಾಂಚು ಮೆಟ್ರೊದೊಂದಿಗೆ ಸ್ಪರ್ಧಿಸಿ ಗೆಲ್ಲಲಾರದು ಎಂಬುದನ್ನು ಒಪ್ಪಿಕೊಳ್ಳುವುದೇ ಪರಿಹಾರದ ಮೊದಲ ಹೆಜ್ಜೆ. ಅದು ಸ್ಪರ್ಧಿಸಬೇಕಾಗಿಯೂ ಇಲ್ಲ. ಮೆಟ್ರೊ ಹಾಗೂ ರೈಲುಗಳು ಕೊನೆಗೊಳ್ಳುವಲ್ಲಿಂದ ಆರಂಭವಾಗುವ, ಉತ್ತರದ ಬಾಗ್‌ಬಜಾರಿನಿಂದ ದಕ್ಷಿಣದ ಶಿಬ್‌ಪುರದವರೆಗೆ ನದಿಯ ಉದ್ದಕ್ಕೂ ಸಾಗುವ ಸೇವೆಯಾಗಿ ಅದನ್ನು ಮರುರೂಪಿಸಲು ಸಾಧ್ಯವಿದೆ. ಅದಕ್ಕೆ ಅಗತ್ಯವಾದುದು ಒಂದೇ: ರೈಲು, ಮೆಟ್ರೊ, ಲಾಂಚು ಮೂರರಲ್ಲಿಯೂ ನಡೆಯುವ ಟಿಕೆಟ್. ಮೂರಕ್ಕೂ ಮೂರು ಕಡೆ ಸಾಲು ನಿಲ್ಲಬೇಕಾದವನು ಕೊನೆಗೆ ಒಂದನ್ನು ಬಿಟ್ಟೇ ಬಿಡುತ್ತಾನೆ. ಬಿಡುವುದು ಯಾವುದನ್ನು ಎಂಬುದನ್ನು ಊಹಿಸಲು ಕಷ್ಟವಿಲ್ಲ.

ಈಸ್ಟ್ ಇಂಡಿಯನ್ ರೈಲ್ವೆಯ ವಾರಸುದಾರ ಸಂಸ್ಥೆಯಾದ ಪೂರ್ವ ರೈಲ್ವೆಯ ಪ್ರಧಾನ ಕಚೇರಿ ಇಂದು ಫೇರ್ಲಿ ಪ್ಲೇಸ್‌ನಲ್ಲಿದೆ. ಲಾಂಚು ಬಂದು ತಂಗುವ ಘಾಟ್‌ಗೆ ಹೆಸರು ಬಂದದ್ದೂ ಅಲ್ಲಿಂದಲೇ. 170 ವರ್ಷಗಳ ಹಿಂದೆ, ಉಗಿಯಂತ್ರ ಮತ್ತು ಕಾಗದದ ಚೀಟಿಯ ಕಾಲದಲ್ಲಿ, ಆ ಕಂಪನಿಗೆ ಒಂದೇ ಟಿಕೆಟ್‌ನಲ್ಲಿ ನದಿಯನ್ನೂ ನೆಲವನ್ನೂ ದಾಟಿಸುವುದು ಸಾಧ್ಯವಾಗಿತ್ತು. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಹಣ ಪಾವತಿಸುವ ಈ ದಿನಗಳಲ್ಲಿ ಅದು ದಿನನಿತ್ಯದ ರೂಢಿಯಾಗಿಲ್ಲ ಎಂದರೆ, ಕೊರತೆ ತಂತ್ರಜ್ಞಾನದ್ದಲ್ಲ, ಇಲಾಖೆಗಳ ನಡುವಣ ಸಮನ್ವಯದ್ದು.

ಸೇತುವೆಗಳ ಎದುರು ಲಾಂಚು ಉಳಿದದ್ದು ಯಾರೂ ಉಳಿಸಿದ್ದರಿಂದಲ್ಲ, ಸೇತುವೆಗಳು ಸಾಲದೆ ಹೋದದ್ದರಿಂದ. ಸುರಂಗದ ಎದುರು ಆ ಅದೃಷ್ಟ ಅದಕ್ಕಿಲ್ಲ. ಈ ಬಾರಿ ಉಳಿಯಬೇಕಾದರೆ ಯಾರಾದರೂ ನಿರ್ಧರಿಸಿಯೇ ಉಳಿಸಬೇಕು. ಆ ನಿರ್ಧಾರ ತಡವಾದಷ್ಟೂ, ಸೇತುವೆಯೂ ಸುರಂಗವೂ ಮುಟ್ಟದ ಘಾಟ್‌ಗಳ ಜನ ನದಿಯ ದಡದಲ್ಲಿಯೇ ಉಳಿದುಬಿಡುತ್ತಾರೆ.